ಕ್ಯಾನಿನ ಬಿಸಿ ಎಲ್ಲಿ ಸಿಕ್ಕಿಕೊಂಡಿತ್ತು? ಸಕಲೇಶಪುರ ಕಡೆಯ ಒಂದು ಮನೆಯ ಹಾಲಿನ ಪ್ರಕರಣ

ಇದು ಸಕಲೇಶಪುರ ತಾಲ್ಲೂಕಿನ ಒಂದು ಒಂಟಿಮನೆಯ ಕತೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು, ಊರಿನ ಹೆಸರು, ಅವರು ಹಾಲು ಕೊಡುವ ಹೋಟೆಲಿನ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಆ ಮನೆಯ ಹುಡುಗಿ ಒಂಬತ್ತನೇ ಕ್ಲಾಸು. ನಾನು ಅವಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಖ ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಒಂದು ಸಾಲಿನೊಳಗೆ ಎಷ್ಟೆಲ್ಲ ಇದೆ ಅನ್ನೋದು ನನಗೆ ಗೊತ್ತಾಗಿದ್ದು ಈ ಮನೆಯ ಹಿತ್ತಲಿನಲ್ಲಿ.

ಹಿನ್ನೆಲೆ

ಮನೆಯಲ್ಲಿ ನಾಲ್ಕು ಹಸು. ಬೆಳಗಿನ ಹಾಲು ಸಂಘಕ್ಕೆ ಹೋಗುತ್ತದೆ. ಸಂಜೆ ಹಾಲೂ ಮೊದಲು ಅಲ್ಲಿಗೇ ಹೋಗುತ್ತಿತ್ತು. ಡೈರಿಗೆ ಎರಡೂವರೆ ಕಿಲೋಮೀಟರ್, ದಾರಿ ಕಾಫಿ ತೋಟದ ನಡುವೆ. ಆನೆ ಕಾಟ ಜಾಸ್ತಿ ಆದ ಮೇಲೆ ಹೊತ್ತು ಮುಳುಗಿದ ನಂತರ ಆ ದಾರಿಯಲ್ಲಿ ಯಾರೂ ಓಡಾಡುವುದಿಲ್ಲ. ಮೊಬೈಲಿಗೆ ಆನೆ ಇದೆ ಅಂತ ಮೆಸೇಜ್ ಬಂದರೆ ಗೇಟು ಹಾಕಿ ಒಳಗೆ ಕೂರುವುದೇ. ಹಾಗಾಗಿ ಸಂಜೆಯ 12 ಲೀಟರ್ ಹಾಲನ್ನು ರಾತ್ರಿ ಮನೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಪೇಟೆಯ ಒಂದು ಹೋಟೆಲಿಗೆ ವರ್ತನೆ ಹಾಕುವ ಏರ್ಪಾಡು ಮಾಡಿಕೊಂಡರು. ರಾತ್ರಿಯ ಹಾಲು ಅಂತ ಹೋಟೆಲಿನವರಿಗೂ ಹೇಳಿಯೇ ಕೊಡುತ್ತಿದ್ದರು.

ಡಿಸೆಂಬರ್, ಜನವರಿ ಚೆನ್ನಾಗಿಯೇ ಹೋಯಿತು. ಹಿತ್ತಲ ಕಟ್ಟೆಯ ಮೇಲೆ ಕ್ಯಾನಿಟ್ಟರೆ ಮಲೆನಾಡಿನ ಚಳಿಯೇ ಕೆಲಸ ಮಾಡುತ್ತಿತ್ತು. ಮಾರ್ಚ್ ಬಂತು. ಒಂದು ದಿನ ಹೋಟೆಲಿನಿಂದ ಫೋನು: ಕಾಯಿಸಲು ಇಟ್ಟ ಹಾಲು ಒಡೆಯಿತು. ಅದೇ ವಾರ ಇನ್ನೆರಡು ಸಲ. ಮೂರನೇ ಸಲ ಆದ ಮೇಲೆ ಹೋಟೆಲಿನವರು, "ಇನ್ನೊಂದು ವಾರ ನೋಡ್ತೀನಿ ಅಕ್ಕ, ಆಮೇಲೆ ನಂಗೂ ಕಷ್ಟ" ಅಂದರು.

ಮೊದಲ ಅನುಮಾನಗಳು

ಮೊದಲು ಬೈಸಿಕೊಂಡಿದ್ದು ಹಸುಗಳು. ಮೇವು ಬದಲಾಗಿದೆ ಅಂದರು ಒಬ್ಬರು. ಕೆಚ್ಚಲು ಬಾವು ಇರಬಹುದು ಅಂದರು ಇನ್ನೊಬ್ಬರು. ಪಶುವೈದ್ಯರು ಬಂದು ನಾಲ್ಕೂ ಹಸು ನೋಡಿ ಏನೂ ಇಲ್ಲ ಅಂದರು. ಕ್ಯಾನನ್ನು ಬಿಸಿನೀರು, ಸೋಡಾದಲ್ಲಿ ಎರಡೆರಡು ಸಲ ತೊಳೆದರು. ಆದರೂ ಒಡೆಯಿತು.

ಹುಡುಗಿ ಶಾಲೆಯಲ್ಲಿ ಈ ವಿಷಯ ಹೇಳಿದಾಗ ನಾನು ಅವಳಿಗೆ ಒಂದು ಸಣ್ಣ ಕೆಲಸ ಹೇಳಿದೆ. ಕರೆದ ತಕ್ಷಣ ಒಂದು ಲೋಟ ಹಾಲು ಕಾಯಿಸು, ರಾತ್ರಿ 10ಕ್ಕೆ ಒಂದು ಲೋಟ, ಬೆಳಿಗ್ಗೆ 5ಕ್ಕೆ ಒಂದು ಲೋಟ. ಮೊದಲೆರಡು ಚೆನ್ನಾಗಿ ಉಕ್ಕಿದವು. ಮೂರನೆಯದು ಒಡೆಯಿತು. ಅಂದರೆ ಹಾಲು ಕೆಟ್ಟು ಬರುತ್ತಿರಲಿಲ್ಲ, ರಾತ್ರಿಯಿಡೀ ಕ್ಯಾನಿನಲ್ಲಿ ಕೆಡುತ್ತಿತ್ತು. ಹಸುವಿನ ಕೆಚ್ಚಲಿನಿಂದ ಬಂದ ಹಾಲು ಕ್ಯಾನಿಗೆ ಬೀಳುವಾಗ ಸುಮಾರು 35 ಡಿಗ್ರಿ ಇರುತ್ತದೆ. ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬ. ಅದಕ್ಕೇ ಡೈರಿಯ ಬಿಎಂಸಿ, ಅಂದರೆ ಹಾಲು ತಣ್ಣಗೆ ಮಾಡುವ ದೊಡ್ಡ ಟ್ಯಾಂಕು, ಹಾಲನ್ನು 4 ಡಿಗ್ರಿಗೆ ಇಳಿಸಿ ಇಡೋದು.

ಅವತ್ತು ಸಂಜೆ ಅವರ ಮನೆಗೆ ಹೋದೆ. ಜೊತೆಗೆ ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಒಯ್ದಿದ್ದೆ. ಅದು ಸರಿಯಿದೆಯಾ ಅಂತ ಮೊದಲು ನೋಡಿದೆವು. ಐಸ್ ಕರಗುವ ನೀರಿನಲ್ಲಿ 0 ತೋರಿಸಿತು. ಕುದಿಯುವ ನೀರಿನಲ್ಲಿ 97. "ನೂರು ಬರಬೇಕಲ್ವಾ ಮೇಡಂ, ಕೆಟ್ಟಿದೆಯಾ?" ಅಂದಳು ಹುಡುಗಿ. ಕೆಟ್ಟಿರಲಿಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97ರ ಹತ್ತಿರವೇ ಕುದಿಯುತ್ತದೆ.

ಹಾಲು ಕರೆದು ಮುಗಿಯಿತು. ಅಜ್ಜಿ ಕ್ಯಾನಿನ ಮುಚ್ಚಳ ಹಾಕಿ, ಒಂದು ಕರಿ ಕಂಬಳಿ ತಂದು ಸುತ್ತಿಬಿಟ್ಟರು. "ಸೆಕೆ ಒಳಕ್ಕೆ ಹೋಗ್ಬಾರ್ದು ಕಣವ್ವ, ಅದಕ್ಕೆ." ಅವರ ಲೆಕ್ಕ ತಪ್ಪು ಅನ್ನೋ ಹಾಗಿಲ್ಲ. ಕಂಬಳಿ ಶಾಖವನ್ನು ತಡೆಯುತ್ತದೆ, ನಿಜ. ಆದರೆ ಕೋಣೆ 26 ಡಿಗ್ರಿ, ಹಾಲು 35. ಶಾಖಕ್ಕೆ ಹೊರಗೆ ಬರುವುದಿತ್ತು. ಕಂಬಳಿ ಅದನ್ನು ಒಳಗೇ ಕೂಡಿ ಹಾಕುತ್ತಿತ್ತು. ಇದನ್ನು ಹೇಳಿದಾಗ ಅಜ್ಜಿ ಏನೂ ಮಾತಾಡದೆ ಕಂಬಳಿ ತೆಗೆದರು. ಆದರೆ ಅದನ್ನು ಒಳಗೆ ಇಡಲಿಲ್ಲ, ಪಕ್ಕದಲ್ಲೇ ಮಡಚಿಟ್ಟುಕೊಂಡು ಕೂತರು.

ಫ್ರಿಜ್ಜು, ಮತ್ತು ನಾನು ಕೊಟ್ಟ ತಪ್ಪು ಸಲಹೆ

ಸುಲಭದ ದಾರಿ ಫ್ರಿಜ್ಜು ಅನ್ನಿಸಿತು. ಎರಡು ತಟ್ಟೆ ಕಿತ್ತು ಕ್ಯಾನನ್ನು ಒಳಗೆ ಕೂರಿಸಿದೆವು. ಫ್ರಿಜ್ಜಿನೊಳಗೆ 5 ಡಿಗ್ರಿ. ಸಂಜೆ 7ಕ್ಕೆ ಇಟ್ಟ ಹಾಲು ರಾತ್ರಿ 10ಕ್ಕೆ 25 ಡಿಗ್ರಿ ಇತ್ತು. ಬೆಳಿಗ್ಗೆ ಐದೂವರೆಗೆ 14. ಮೊದಲಿಗಿಂತ ವಾಸಿ, ಆದರೆ ರಾತ್ರಿಯ ಮೊದಲ ನಾಲ್ಕು ಗಂಟೆ ಹಾಲು ಬೆಚ್ಚಗೇ ಇತ್ತು. ಸಾಲದ್ದಕ್ಕೆ ಫ್ರಿಜ್ಜಿನಲ್ಲಿದ್ದ ಬೇರೆ ಪದಾರ್ಥವೂ ಬೆಚ್ಚಗಾಯಿತು.

ಆ ಕ್ಯಾನು ಪ್ಲಾಸ್ಟಿಕ್‌ನದು. ನಾನು ಧೈರ್ಯವಾಗಿ ಹೇಳಿದೆ, "ಅಕ್ಕ, ಪ್ಲಾಸ್ಟಿಕ್ ಶಾಖ ಬಿಡೋದಿಲ್ಲ. ಸ್ಟೀಲ್ ಕ್ಯಾನ್ ತಗೊಳ್ಳಿ, ಬೇಗ ತಣ್ಣಗಾಗುತ್ತೆ." ಪಾಠದಲ್ಲಿ ಇರುವುದೂ ಅದೇ ಅಲ್ವಾ? ಸ್ಟೀಲು ಪ್ಲಾಸ್ಟಿಕ್‌ಗಿಂತ ಸುಮಾರು 30 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅವರು ದುಡ್ಡು ಹೊಂದಿಸಿ ಕ್ಯಾನು ತಂದರು. ಅದೇ ಫ್ರಿಜ್ಜು, ಅದೇ 12 ಲೀಟರ್. ರಾತ್ರಿ 10ಕ್ಕೆ ಕಡ್ಡಿ ಇಳಿಸಿದರೆ ಮತ್ತೆ 25.

ಆ ರಾತ್ರಿ ನನಗೆ ತುಂಬಾ ಬೇಜಾರಾಯಿತು. ಹಾಲಿನ ದುಡ್ಡಿನಲ್ಲಿ ಸಂಸಾರ ನಡೆಸುವ ಮನೆ ಅದು. ನನ್ನ ಮಾತು ನಂಬಿ ಖರ್ಚು ಮಾಡಿದ್ದರು.

ಹುಡುಗಿ ಕೈತೊಳೆದಾಗ

ಪ್ರಕರಣ ತಿರುಗಿದ್ದು ಮಾರನೇ ದಿನ ಸಂಜೆ. ಮನೆಯ ಹಿಂದೆ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಇದೆ. ಹಗಲೂ ರಾತ್ರಿ ಒಂದು ಕಲ್ಲುಬಾನಿಗೆ ಬಿದ್ದು, ತುಂಬಿ, ತೋಟಕ್ಕೆ ಹರಿಯುತ್ತದೆ. ಹುಡುಗಿ ಫ್ರಿಜ್ಜಿನಲ್ಲಿ ಕೈಯಿಟ್ಟು ಕ್ಯಾನು ಮುಟ್ಟಿ ನೋಡಿ, ಹೊರಗೆ ಬಂದು ಬಾನಿಯಲ್ಲಿ ಕೈ ತೊಳೆದಳು. "ಮೇಡಂ, ಫ್ರಿಜ್ಜಿಗಿಂತ ಈ ನೀರೇ ತಣ್ಣಗಿದೆ."

ಥರ್ಮಾಮೀಟರ್ ಅದ್ದಿದೆವು. ನೀರು 21 ಡಿಗ್ರಿ. ಫ್ರಿಜ್ಜು 5. ಆದರೂ ಕೈಗೆ ನೀರೇ ತಣ್ಣಗೆ. ನಾನೂ ಕೈಯಿಟ್ಟು ನೋಡಿದೆ, ಅವಳು ಹೇಳಿದ್ದು ನಿಜ.

ನಮ್ಮ ಕೈ ಉಷ್ಣತೆಯನ್ನು ಅಳೆಯುವುದಿಲ್ಲ. ಕೈಯಿಂದ ಶಾಖ ಎಷ್ಟು ಬೇಗ ಹೋಗುತ್ತಿದೆ ಅನ್ನೋದನ್ನು ಹೇಳುತ್ತದೆ. ಗಾಳಿಗಿಂತ ನೀರು ಶಾಖವನ್ನು 20 ಪಟ್ಟಿಗಿಂತ ಚೆನ್ನಾಗಿ ಸಾಗಿಸುತ್ತದೆ. ಒಂದು ಬಿಂದಿಗೆ ನೀರು ಒಂದು ಡಿಗ್ರಿ ಏರಬೇಕಾದರೆ, ಒಂದು ಬಿಂದಿಗೆ ಗಾಳಿಗೆ ಬೇಕಾದ ಶಾಖದ 3,000 ಪಟ್ಟಿಗೂ ಹೆಚ್ಚು ಬೇಕು. ಹಾಗಾಗಿ ನೀರು ಶಾಖ ನುಂಗಿಯೂ ತಣ್ಣಗೇ ಉಳಿಯುತ್ತದೆ. ಫ್ರಿಜ್ಜಿನೊಳಗಿನ ಗಾಳಿ ಹಾಗಲ್ಲ. ಕ್ಯಾನಿಗೆ ಅಂಟಿಕೊಂಡಿರುವ ಗಾಳಿಯ ಪದರ ತಾನೇ ಬೆಚ್ಚಗಾಗಿ ಒಂದು ಕಂಬಳಿಯ ಹಾಗೆ ನಿಂತುಬಿಡುತ್ತದೆ.

ಸ್ಟೀಲ್ ಕ್ಯಾನು ಯಾಕೆ ಸೋತಿತು ಅಂತ ಆಗ ಹೊಳೆಯಿತು. ಶಾಖ ಹಾಲಿನಿಂದ ಕ್ಯಾನಿನ ಗೋಡೆಗೆ ಬರಬೇಕು, ಗೋಡೆ ದಾಟಬೇಕು, ಆಮೇಲೆ ಗಾಳಿಗೆ ಹೋಗಬೇಕು. ಮೂರು ಗೇಟು ಅಂದುಕೊಳ್ಳಿ. ಸಿಕ್ಕಿಕೊಂಡಿದ್ದು ಮೂರನೇ ಗೇಟಿನಲ್ಲಿ. ನಾನು ದುಡ್ಡು ಖರ್ಚು ಮಾಡಿಸಿ ಎರಡನೇ ಗೇಟು ಅಗಲ ಮಾಡಿಸಿದ್ದೆ. ಕ್ಯೂ ಹೇಗೆ ಕರಗುತ್ತದೆ?

ಕಲ್ಲುಬಾನಿ

ಅವತ್ತೇ ಸ್ಟೀಲ್ ಕ್ಯಾನನ್ನು ಬಾನಿಗೆ ಇಳಿಸಿದೆವು. ಅರ್ಧ ಗಂಟೆ ಆದ ಮೇಲೆ ಹುಡುಗಿ ಕಡ್ಡಿಯನ್ನು ಮೇಲಿಂದ ನಿಧಾನವಾಗಿ ಇಳಿಸುತ್ತಾ ಓದಿದಳು. ಮೇಲೆ 31. ನಡುವೆ 27. ತಳದಲ್ಲಿ 24. ಒಂದೇ ಕ್ಯಾನಿನಲ್ಲಿ ಮೂರು ಹಾಲು! ಬೆಚ್ಚಗಿನ ಹಾಲು ಹಗುರ, ಮೇಲೆ ತೇಲುತ್ತದೆ. ಅದರ ಮೇಲೆ ನೋಡಿದರೆ ಬಾನಿಯ ನೀರಿನ ಮಟ್ಟ ಹಾಲಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಮೇಲಿನ ಬೆಚ್ಚಗಿನ ಪದರದ ಸುತ್ತ ನೀರೇ ಇರಲಿಲ್ಲ.

ಎರಡು ಬದಲಾವಣೆ ಮಾಡಿದೆವು. ಅತ್ತೆ ಮನೆಯಿಂದ ಎರಡು ಸಣ್ಣ ಸ್ಟೀಲ್ ಕ್ಯಾನು ತಂದು ತಲಾ ಆರು ಲೀಟರ್ ಹಾಕಿದೆವು. ಅಷ್ಟೇ ಹಾಲು, ಆದರೆ ನೀರಿಗೆ ತಾಗುವ ಮೈ ಜಾಸ್ತಿ. ಬಾನಿಯ ತೂತಿಗೆ ಬೆಣೆ ಹೊಡೆದು ನೀರಿನ ಮಟ್ಟ ಹಾಲಿನ ಮಟ್ಟಕ್ಕಿಂತ ಮೇಲೆ ಬರುವಂತೆ ಮಾಡಿದೆವು. ತಕ್ಷಣ ಕ್ಯಾನುಗಳು ತೇಲಿ ಓಲಾಡತೊಡಗಿದವು. ಅಜ್ಜಿ ಎದ್ದು ಹೋಗಿ ಎರಡು ಗುಂಡುಕಲ್ಲು ತಂದು ಮುಚ್ಚಳದ ಮೇಲೆ ಹೇರಿದರು. ಐದೈದು ನಿಮಿಷಕ್ಕೊಮ್ಮೆ ಕಾಯಿಸಿದ ನೀರಲ್ಲಿ ತೊಳೆದ ಸೌಟಿನಿಂದ ಹಾಲು ಕದಡುವ ಕೆಲಸ ಹುಡುಗಿಯದು.

35ರಿಂದ 24ಕ್ಕೆ 27 ನಿಮಿಷ. ಫ್ರಿಜ್ಜಿನಲ್ಲಿ ಮೂರು ಗಂಟೆ ಕಳೆದರೂ ಇಷ್ಟು ಇಳಿದಿರಲಿಲ್ಲ, ನೀರು ಫ್ರಿಜ್ಜಿಗಿಂತ 16 ಡಿಗ್ರಿ ಬೆಚ್ಚಗಿದ್ದೂ.

ಹಠಕ್ಕೆ ಬಿದ್ದು ಹಳೆಯ ಪ್ಲಾಸ್ಟಿಕ್ ಕ್ಯಾನಿನಲ್ಲೂ ಆರು ಲೀಟರ್ ಹಾಕಿ ಹೋಲಿಸಿದೆವು. ಅದು 24ಕ್ಕೆ ಇಳಿಯಲು ಒಂದು ಗಂಟೆ ಹಿಡಿಯಿತು. ಈಗ ಮೂರನೇ ಗೇಟು ತೆರೆದಿತ್ತು, ಹಾಗಾಗಿ ಎರಡನೇ ಗೇಟಿನ ವ್ಯತ್ಯಾಸ ಕಾಣಿಸಿತು. ಸ್ಟೀಲು ಬೇಕಾಗಿದ್ದು ನಿಜ, ಆದರೆ ನೀರಿನಲ್ಲಿ.

ಹುಡುಗಿ ಐದು ನಿಮಿಷಕ್ಕೊಂದು ಅಳತೆ ಬರೆದುಕೊಂಡಿದ್ದಳು. ಮೊದಮೊದಲು ಸರಸರ ಇಳಿಯಿತು. ಆಮೇಲೆ ನಿಧಾನ. 23ರಿಂದ 22ಕ್ಕೆ ಬರಲು ತುಂಬಾ ಹೊತ್ತು ಕಾಯಬೇಕಾಯಿತು. ಎರಡರ ಉಷ್ಣತೆಯ ನಡುವಿನ ಅಂತರ ಎಷ್ಟೋ, ಶಾಖ ಹರಿಯುವ ವೇಗ ಅಷ್ಟು ಅಂತ ನ್ಯೂಟನ್ 1701ರಲ್ಲೇ ಹೇಳಿದ್ದಾನೆ. ಹಾಲು ನೀರಿನ ಹತ್ತಿರ ಬಂದಷ್ಟೂ ಹರಿವು ಸೊರಗುತ್ತದೆ. ನೀರು 21 ಇದ್ದರೆ ಹಾಲು 21ಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಹೀಗೆ ರಾತ್ರಿಯಿಡೀ 22ರಲ್ಲಿಟ್ಟು ಬೆಳಿಗ್ಗೆ ಕೊಟ್ಟ ಹಾಲು ನಾಲ್ಕು ದಿನ ಒಡೆಯಲಿಲ್ಲ, ಐದನೇ ದಿನ ಕೊಟ್ಟಿದ್ದು ಒಡೆಯಿತು.

ಐಸಿನ ಲೆಕ್ಕ

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. 24ರಲ್ಲಿರುವ ಹಾಲನ್ನು ಮತ್ತೆ ಫ್ರಿಜ್ಜಿಗೆ ಇಡೋದಾ, ಐಸಾ? ಸಂಜೆ ಕರೆಂಟು ಹೋಗುವುದು ಆ ಕಡೆ ಮಾಮೂಲು. ಹಗಲು ಕರೆಂಟಿದ್ದಾಗ ಐಸ್ ಕಟ್ಟಿಸಿಕೊಂಡರೆ ಸಂಜೆ ಕರೆಂಟಿನ ಹಂಗಿಲ್ಲ. ಐಸ್ ಅಂತ ಮನೆಯಾಕೆಯೇ ನಿರ್ಧಾರ ಮಾಡಿದರು. ಸರಿಯಾದ ನಿರ್ಧಾರ.

ಎಷ್ಟು ಐಸ್ ಬೇಕು? 1760ರ ದಶಕದಲ್ಲಿ ಗ್ಲ್ಯಾಸ್ಗೋದಲ್ಲಿದ್ದ ಜೋಸೆಫ್ ಬ್ಲ್ಯಾಕ್, ಐಸ್ ಕರಗುವಾಗ ಶಾಖ ನುಂಗುತ್ತಲೇ ಇದ್ದರೂ ಅದರ ಉಷ್ಣತೆ ಏರುವುದಿಲ್ಲ ಅಂತ ಅಳೆದು ತೋರಿಸಿದ. ಶಾಖ ಬೇರೆ, ಉಷ್ಣತೆ ಬೇರೆ ಅಂತ ಬಿಡಿಸಿ ಹೇಳಿದ್ದೂ ಅವನೇ. 1 ಕೆಜಿ ಐಸ್ ಕರಗುವಾಗ ನುಂಗುವ ಶಾಖ, 1 ಕೆಜಿ ನೀರನ್ನು 80 ಡಿಗ್ರಿ ಏರಿಸುವಷ್ಟು. ನಾವು ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಹಾಲನ್ನು ನೀರು ಅಂತಲೇ ಇಟ್ಟುಕೊಂಡರೆ, 12 ಕೆಜಿಯನ್ನು 35ರಿಂದ 6ಕ್ಕೆ ಇಳಿಸಲು 12 ಗುಣಿಸು 29, ಅಂದರೆ 348. ಅದನ್ನು 80ರಿಂದ ಭಾಗಿಸಿದರೆ ನಾಲ್ಕು ಕೆಜಿಗೂ ಮೇಲೆ. ಬಾನಿಯಲ್ಲಿ ಮೊದಲು 23ಕ್ಕೆ ಇಳಿಸಿಕೊಂಡರೆ 12 ಗುಣಿಸು 17, ಅಂದರೆ 204. ಎರಡೂವರೆ ಕೆಜಿ ಸಾಕು. ಮಿಕ್ಕಿದ್ದನ್ನೆಲ್ಲ ಅಬ್ಬಿ ನೀರು ಬಿಟ್ಟಿಯಾಗಿ ತೆಗೆದುಕೊಂಡು ಹೋಗುತ್ತದೆ. ಅವರ ಫ್ರೀಜರಿನಲ್ಲಿ ಟಿಫನ್ ಡಬ್ಬಿಗಳಲ್ಲಿ ಕಟ್ಟಿಸಿದರೆ ದಿನಕ್ಕೆ ನಾಲ್ಕು ಕೆಜಿ ಐಸ್ ಆಗುತ್ತಿತ್ತು.

ಡಬ್ಬಿಗೆ ತೊಂದರೆ ಇರಲಿಲ್ಲ. ಶಿರಾಡಿ ಘಾಟಿ ಹತ್ತಿ ಬರುವ ಮಂಗಳೂರು ಮೀನು ಥರ್ಮಾಕೋಲ್ ಡಬ್ಬಿಯಲ್ಲೇ ಬರುತ್ತದೆ. ಮೀನಂಗಡಿಯಿಂದ ಒಂದು ದೊಡ್ಡ ಡಬ್ಬಿ ತಂದು, ಉಜ್ಜಿ ತೊಳೆದು, ಮೂರು ದಿನ ಬಿಸಿಲಿಗಿಟ್ಟು, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. ಎರಡು ಕ್ಯಾನು, 20 ಲೀಟರ್ ನೀರು, ನಾಲ್ಕು ಕೆಜಿ ಐಸ್.

ಬೆಳಿಗ್ಗೆ 12 ಡಿಗ್ರಿ. ಐಸ್ ಪೂರ್ತಿ ಕರಗಿತ್ತು.

ಎಲ್ಲಿ ಹೋಯಿತು ಐಸು? ನೀರಿಗೆ ಹೋಯಿತು. 20 ಲೀಟರ್ ನೀರು 21 ಡಿಗ್ರಿಯಲ್ಲಿ ಬಂದಿತ್ತು. ಅದೂ ತಣ್ಣಗಾಗಬೇಕಲ್ಲ. ಹಾಲಿಗಿಂತ ಜಾಸ್ತಿ ಐಸನ್ನು ಆ ನೀರೇ ತಿಂದಿತ್ತು. ನೀರು ಜಾಸ್ತಿ ಇದ್ದರೆ ತಂಪು ಜಾಸ್ತಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹರಿದು ಹೋಗುವ ಬಾನಿಗೆ ಅದು ನಿಜ. ಮುಚ್ಚಿದ ಡಬ್ಬಿಗೆ ಸುಳ್ಳು.

ಆಮೇಲೆ ತಂದಿದ್ದು ಎರಡು ಕ್ಯಾನು ಒತ್ತೊತ್ತಾಗಿ ಹಿಡಿಯುವಷ್ಟೇ ಸಣ್ಣ ಡಬ್ಬಿ. ಎಂಟು ಲೀಟರ್ ನೀರು ಹಾಕಿ ಐಸ್ ಬಿಟ್ಟರೆ ಕ್ಯಾನಿನ ಕುತ್ತಿಗೆಯವರೆಗೆ ಬರುತ್ತಿತ್ತು. ಇನ್ನೊಂದು ಉಪಾಯ ಮನೆಯಾಕೆಯದು: ಬೆಳಿಗ್ಗೆ ಆ ನೀರನ್ನು ಚೆಲ್ಲದೆ ಹಾಗೇ ಮುಚ್ಚಿಡುವುದು. ಸಂಜೆಗೆ ಅದು 12 ಡಿಗ್ರಿಯಲ್ಲಿರುತ್ತಿತ್ತು. ಐಸ್ ಕರಗಿ ಹೆಚ್ಚಾದಷ್ಟು ನೀರು ತೆಗೆದು ಹೊಸ ಐಸ್ ಹಾಕಿದರೆ ಆಯಿತು. ಮೂರು ದಿನಕ್ಕೊಮ್ಮೆ ಪೂರ್ತಿ ಬದಲು. ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಅಜ್ಜಿ ಕಂಬಳಿ ತಂದು ಹೊದಿಸಿದರು. ನನ್ನ ಮುಖ ನೋಡಿದರು. ಈ ಸಲ ಅದು ಸರಿ. ಒಳಗೆ ತಣ್ಣಗಿದೆ, ಹೊರಗೆ ಬೆಚ್ಚಗಿದೆ, ಈಗ ತಡೆಯಬೇಕಾದ್ದು ಒಳಗೆ ಬರುವ ಶಾಖವನ್ನು.

ಬೆಳಿಗ್ಗೆ ಐದೂವರೆಗೆ ಹಾಲು 6 ಡಿಗ್ರಿ. ಅಂಚಿನಲ್ಲಿ ಇನ್ನೂ ಒಂದು ಚೂರು ಐಸ್ ತೇಲುತ್ತಿತ್ತು.

ಮತ್ತೊಮ್ಮೆ ಒಡೆದ ದಿನ

ಮೂರು ವಾರ ಹೋಟೆಲಿನಿಂದ ಫೋನು ಬರಲಿಲ್ಲ. ಆಮೇಲೆ ಒಂದು ದಿನ ಬಂತು. ಎಲ್ಲ ಸರಿಯಾಗಿ ಮಾಡಿದ್ದರೂ ಹಾಲು ಒಡೆದಿತ್ತು.

ಕೇಳುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು. ಅವತ್ತು ಪೇಟೆಯಲ್ಲಿ ಮದುವೆ, ಹೋಟೆಲಿನವರು ಇನ್ನಷ್ಟು ಹಾಲು ಕೇಳಿದ್ದರು. ಮನೆಯವರು ಆಗ ತಾನೇ ಕರೆದ ಬೆಳಗಿನ ಹಾಲು 12 ಲೀಟರನ್ನು ತಣ್ಣನೆಯ ಹಾಲಿನ ಜೊತೆ ದೊಡ್ಡ ಕ್ಯಾನಿಗೆ ಸುರಿದುಬಿಟ್ಟರು. 6 ಡಿಗ್ರಿಯದು 12 ಲೀಟರ್, 35ರದ್ದು 12 ಲೀಟರ್. ಒಂದು ಕೊಟ್ಟಷ್ಟನ್ನು ಇನ್ನೊಂದು ತೆಗೆದುಕೊಳ್ಳುತ್ತದೆ, ಎರಡೂ ನಡುವಿಗೆ ಬಂದು ನಿಲ್ಲುತ್ತವೆ. ಇಪ್ಪತ್ತೂವರೆ ಡಿಗ್ರಿ. ರಾತ್ರಿಯಿಡೀ ನಾಲ್ಕು ಕೆಜಿ ಐಸ್ ಮಾಡಿದ ಕೆಲಸ ಅರ್ಧ ನಿಮಿಷದಲ್ಲಿ ಹೋಯಿತು. ಆಮೇಲೆ ಬಿಸಿಲಲ್ಲಿ ಆಟೋ, ಹೋಟೆಲಿನ ಒಲೆ ಪಕ್ಕ ಎರಡು ಗಂಟೆ. ರಾತ್ರಿಯ ಹಾಲಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕಿತ್ತು. ಅವತ್ತಿನಿಂದ ಎರಡು ಹಾಲು ಬೇರೆ ಬೇರೆ ಕ್ಯಾನಿನಲ್ಲೇ ಹೋಗುತ್ತವೆ, ಹೋಟೆಲಿನಲ್ಲೂ ಒಟ್ಟಿಗೆ ಸುರಿಯುವುದಿಲ್ಲ.

ಬೇರೆ ಮನೆಯವರು ಮಾಡುವುದಾದರೆ

ಈ ಅಳತೆಗಳು ಈ ಮನೆಯವು. ಅರಸೀಕೆರೆ ಕಡೆ ಬೋರಿನ ನೀರು 21 ಇರೋದಿಲ್ಲ, ಅಲ್ಲಿ ಬಾನಿಯಿಂದ ಸಿಗುವ ಲಾಭ ಕಡಿಮೆ, ಐಸ್ ಜಾಸ್ತಿ ಬೇಕು. ಆದರೆ ನಾವು ಹಣ ಮತ್ತು ಮೂರು ವಾರ ಕಳೆದುಕೊಂಡ ಜಾಗ ಯಾವುದು ಅಂತ ಗೊತ್ತಿರಲಿ. ಯಾವ ವಸ್ತು ಎಷ್ಟು ತಣ್ಣಗಿದೆ ಅಂತ ನೋಡಿದೆವು, ಶಾಖ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಲಿಲ್ಲ. ಕೈಯಲ್ಲೇ ಇದ್ದ ಥರ್ಮಾಮೀಟರಿನಿಂದ ಹಾಲು, ಕ್ಯಾನಿನ ಹೊರಮೈ, ಸುತ್ತಲಿನ ಗಾಳಿ ಮೂರನ್ನೂ ಮೊದಲೇ ಅಳೆದಿದ್ದರೆ ಸ್ಟೀಲ್ ಕ್ಯಾನಿನ ಮಾತನ್ನು ನಾನು ಆ ದಿನವೇ ಆಡುತ್ತಿರಲಿಲ್ಲ. ಹಾಲಿನ ವಿಷಯದಲ್ಲಿ ಮೊದಲ ಒಂದು ಗಂಟೆ ತುಂಬಾ ಮುಖ್ಯ. ಬೆಳಗಿನ ಜಾವ 6 ಡಿಗ್ರಿ ಆದರೆ ಸಾಲದು, ಕತ್ತಲಾಗುವ ಮೊದಲೇ ಇಳಿಯಲು ಶುರುವಾಗಬೇಕು.

ಜೂನಿನಲ್ಲಿ ಮಳೆ ಹಿಡಿಯಿತು. ಮರ ಬಿದ್ದು ಲೈನು ಹೋಗಿ ಎರಡು ದಿನ ಕರೆಂಟಿಲ್ಲ, ಐಸೂ ಇಲ್ಲ. ಇದಕ್ಕೆ ನಮ್ಮ ಹತ್ತಿರ ದಾರಿ ಇರಲಿಲ್ಲ. ಅಂಥ ದಿನ ಸಂಜೆ ಹಾಲನ್ನು ಹೋಟೆಲಿಗೆ ಕೊಡುವುದಿಲ್ಲ ಅಂತ ಮನೆಯಾಕೆ ಮೊದಲೇ ಫೋನು ಮಾಡಿ ಹೇಳಿಬಿಡುತ್ತಾರೆ. ಅಷ್ಟೂ ಹಾಲನ್ನು ಕಾಯಿಸಿ, ಪಾತ್ರೆಯನ್ನು ಬಾನಿಯಲ್ಲಿ ಇಳಿಬಿಟ್ಟು, 42 ಡಿಗ್ರಿಗೆ ಬಂದಾಗ ತೆಗೆದು ಹೆಪ್ಪು ಹಾಕುತ್ತಾರೆ. ಕಡ್ಡಿ ಹಿಡಿದು ಓದುವುದು ಹುಡುಗಿ. ಮಲೆನಾಡಿನ ಮಳೆ ರಾತ್ರಿಯಲ್ಲಿ ಮೊಸರು ಹೆಪ್ಪುಗಟ್ಟುವುದು ಕಷ್ಟ. ಅಜ್ಜಿ ಪಾತ್ರೆಗೆ ಕಂಬಳಿ ಸುತ್ತಿ, ಒಲೆಯ ಪಕ್ಕದ ಮೂಲೆಗೆ ತಳ್ಳುತ್ತಾರೆ. ಬೆಳಿಗ್ಗೆ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು: ಹೊರಗೆ 19, ಕಂಬಳಿಯೊಳಗೆ 34, ಮೊಸರು ಗಟ್ಟಿಯಾಗಿದೆ.